ಬರೋಡಾದ ಗಾಯನಶಾಲೆಯಿಂದ ನಮ್ಮ ಮನೆಯ ಕೀಬೋರ್ಡಿನವರೆಗೆ

ಕಳೆದ ದೀಪಾವಳಿಯಲ್ಲಿ ನಮ್ಮ ಸಂಘದ ಸದಸ್ಯರೊಬ್ಬರ ಮನೆಗೆ ಫರಾಳಕ್ಕೆಂದು ಹೋಗಿದ್ದೆವು. ಧಾರವಾಡದ ಕಡೆಯ ಕುಟುಂಬ. ಅಹಮದಾಬಾದಿಗೆ ಬಂದು ಇಪ್ಪತ್ತು ವರ್ಷಗಳಾದುವು. ಒಂಬತ್ತು ವರ್ಷದ ಮಗಳು ಹೊಸದಾಗಿ ಕೀಬೋರ್ಡು ಕಲಿಯುತ್ತಿದ್ದಾಳೆ. ಗುರುಗಳಿಲ್ಲ, ಎದುರಿಗೆ ನಿಲ್ಲಿಸಿದ ಮೊಬೈಲೇ ಗುರು. ಅದರ ಪರದೆಯ ಮೇಲೆ ಬಣ್ಣದ ಪಟ್ಟಿಗಳು ಮೇಲಿನಿಂದ ಇಳಿದು ಬರುತ್ತವೆ. ಯಾವ ಪಟ್ಟಿ ಯಾವ ಮನೆಯ ಮೇಲೆ ಬಂದು ನಿಲ್ಲುವುದೋ ಆ ಮನೆಯನ್ನು ಒತ್ತಿದರಾಯಿತು. ಮಗು ಪುರಂದರದಾಸರ ಒಂದು ದೇವರನಾಮವನ್ನು ತಪ್ಪಿಲ್ಲದೆ ನುಡಿಸಿತು. ನಾವೆಲ್ಲ ಭಲೇ ಎಂದೆವು. ಊರಿನಿಂದ ಬಂದಿದ್ದ ಅಜ್ಜಿಗೆ ತಾವೂ ದನಿಗೂಡಿಸುವ ಆಸೆಯಾಯಿತು. ಎರಡು ಸಾಲು ಪ್ರಯತ್ನಿಸಿ ನಿಲ್ಲಿಸಿದರು. "ಸ್ವಲ್ಪ ಕೆಳಗ ಹಿಡಿಯವಾ ತಂಗಿ, ಇಷ್ಟು ಮ್ಯಾಲೆ ನನ್ನ ದನಿ ಏರೂದಿಲ್ಲ" ಎಂದರು. ಮಗು ಪೆಚ್ಚಾಗಿ ಹೇಳಿತು: "ಅಜ್ಜಿ, ಇದ್ರಾಗ ಪಟ್ಟಿ ಇಲ್ಲೇ ಇಳೀತಾವ."

ಆ ಮಾತು ನಮ್ಮನ್ನು ಬಹಳ ದಿನ ಕಾಡಿತು. ಹಾಡು ಬಂದಿದೆ, ಆದರೆ ಅಜ್ಜಿಯ ಜತೆಗೆ ನುಡಿಸಲು ಬರುವುದಿಲ್ಲ ಎಂದರೆ ಕಲಿತದ್ದು ಏನು? ತಪ್ಪು ಯಂತ್ರದ್ದೋ, ಕಲಿಸಿದ ಕ್ರಮದ್ದೋ? ಈ ಪ್ರಶ್ನೆ ಹೊಸದೆಂದು ನಾವು ಭಾವಿಸಿದ್ದೆವು. ಹುಡುಕಿ ನೋಡಿದರೆ, ನಾವು ಅನ್ನ ಹುಡುಕಿಕೊಂಡು ಬಂದು ನೆಲೆಸಿದ ಈ ಗುಜರಾತಿನಲ್ಲಿಯೇ ಇದು ನೂರನಲವತ್ತು ವರ್ಷಗಳಷ್ಟು ಹಳೆಯದು. ಅದರ ಒಂದು ಎಳೆ ನಮ್ಮ ಮೈಸೂರಿಗೂ ಹೋಗಿ ಸೇರುತ್ತದೆ. ಆದುದರಿಂದ ಆ ಕಥೆಯನ್ನು ಸ್ವಲ್ಪ ವಿಸ್ತಾರವಾಗಿಯೇ ಇಲ್ಲಿ ಹೇಳಬೇಕೆಂದಿದ್ದೇವೆ.

ವಡೋದರಾದಲ್ಲಿರುವ ನಮ್ಮ ಬಂಧುಗಳು ಸೂರಸಾಗರ ಕೆರೆಯ ಎದುರಿಗಿರುವ ಸಂಗೀತ ವಿದ್ಯಾಲಯವನ್ನು ಕಂಡೇ ಇರುತ್ತಾರೆ. ಇಂದು ಅದು ಮಹಾರಾಜಾ ಸಯಾಜಿರಾವ್ ವಿಶ್ವವಿದ್ಯಾಲಯದ ಪ್ರದರ್ಶನ ಕಲೆಗಳ ವಿಭಾಗ. ಅದರ ಮೂಲ 1886ರಲ್ಲಿ, ಮೂರನೆಯ ಸಯಾಜಿರಾವ್ ಗಾಯಕವಾಡರ ಆಶ್ರಯದಲ್ಲಿ ಉಸ್ತಾದ್ ಮೌಲಾ ಬಕ್ಷ್ ಅವರು ಆರಂಭಿಸಿದ ಗಾಯನಶಾಲೆ. ಮೌಲಾ ಬಕ್ಷ್ ಹುಟ್ಟಿದ್ದು 1833ರಲ್ಲಿ, ಉತ್ತರ ಹಿಂದೂಸ್ಥಾನದಲ್ಲಿ. ಹಿಂದೂಸ್ಥಾನಿ ಸಂಗೀತದಲ್ಲಿ ನುರಿತ ಮೇಲೆ ಅವರು ದಕ್ಷಿಣಕ್ಕೆ ಬಂದರು. ಕರ್ನಾಟಕ ಸಂಗೀತವನ್ನು ಶ್ರದ್ಧೆಯಿಂದ ಅಭ್ಯಾಸಮಾಡಿದರು. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರ ಆಸ್ಥಾನದಲ್ಲಿ ಹಾಡಿ ರಾಜಮರ್ಯಾದೆಗಳನ್ನು ಪಡೆದರು. ಅವರ ಪತ್ನಿ ಟೀಪೂ ಸುಲ್ತಾನನ ಮನೆತನದವರೆಂಬುದು ಆ ವಂಶದಲ್ಲಿ ನಡೆದುಬಂದ ಮಾತು. ಹೀಗೆ ಗುಜರಾತಿನ ಮೊದಲ ಸಂಗೀತ ಶಾಲೆಗಳಲ್ಲೊಂದನ್ನು ಕಟ್ಟಿದವರು ಮೈಸೂರಿನ ನೀರು ಕುಡಿದವರೇ ಎಂಬುದು ನಮಗೆ ಹೆಮ್ಮೆಯ ಸಂಗತಿ.

ದಕ್ಷಿಣದಲ್ಲಿ ಮಕ್ಕಳಿಗೆ ಸರಳೆ, ಜಂಟಿ, ಅಲಂಕಾರ, ಗೀತೆ ಎಂದು ಮೆಟ್ಟಿಲು ಮೆಟ್ಟಿಲಾಗಿ ಪಾಠ ಹೇಳುವ ಪದ್ಧತಿ ಆಗಲೇ ಗಟ್ಟಿಯಾಗಿ ಬೇರೂರಿತ್ತು. ಅದಕ್ಕೆ ತಳಪಾಯ ಹಾಕಿದವರು ಪುರಂದರದಾಸರೆಂದು ಸಂಪ್ರದಾಯ ಹೇಳುತ್ತದೆ. ಉತ್ತರದಲ್ಲಾದರೋ ವಿದ್ಯೆ ಹೆಚ್ಚಾಗಿ ಘರಾಣೆಯ ಒಳಗೆ, ತಂದೆಯಿಂದ ಮಗನಿಗೆ, ಉಸ್ತಾದನಿಂದ ಗಂಡಾಬಂಧನವಾದ ಶಿಷ್ಯನಿಗೆ ಹೋಗುತ್ತಿತ್ತು. ಹೊರಗಿನವರಿಗೆ ಬಾಗಿಲು ಸುಲಭವಾಗಿ ತೆರೆಯುತ್ತಿರಲಿಲ್ಲ. ಮೌಲಾ ಬಕ್ಷ್ ಅವರು ಬರೋಡಾದಲ್ಲಿ ಮಾಡಿದ ದೊಡ್ಡ ಕೆಲಸವೆಂದರೆ ಆ ಬಾಗಿಲನ್ನು ಸಾಮಾನ್ಯರ ಮಕ್ಕಳಿಗೆ ತೆರೆದದ್ದು. ತರಗತಿ, ವೇಳಾಪಟ್ಟಿ, ಪಠ್ಯಪುಸ್ತಕ ಇವೆಲ್ಲ ಬಂದುವು. ಪುಸ್ತಕಕ್ಕಾಗಿ ಅವರು ಒಂದು ಸ್ವರಲಿಪಿಯನ್ನೇ ರೂಪಿಸಿದರು. ಕಿವಿಯಿಂದ ಕಿವಿಗೆ ಹೋಗುತ್ತಿದ್ದ ವಿದ್ಯೆಯನ್ನು ಕಾಗದಕ್ಕಿಳಿಸಿದರೆ ಅದರ ಜೀವ ಹೋಗುವುದೆಂದು ಅಂದಿನ ವಿದ್ವಾಂಸರಲ್ಲಿ ಅನೇಕರು ಅನುಮಾನಪಟ್ಟರು. ಇಂದು ಮೊಬೈಲಿನ ಪಾಠವನ್ನು ಕಂಡು ನಮ್ಮ ಹಿರಿಯರು ಮೂಗು ಮುರಿಯುವುದು ಅಂದಿನ ಆ ಅನುಮಾನದ ಮುಂದುವರಿಕೆಯೇ ಸರಿ.

ಆದರೆ ಒಂದು ವ್ಯತ್ಯಾಸವನ್ನು ಗಮನಿಸಬೇಕು. ಆ ಲಿಪಿ ಸ್ವರಗಳ ಹೆಸರನ್ನು ಆಧರಿಸಿದ್ದು. ಸ ಎಂದು ಬರೆದರೆ ಅದು ಹಾಡುವವನ ಸ. ಯಾವ ಎತ್ತರದಲ್ಲಿ ಹಿಡಿಯಬೇಕೆಂಬುದನ್ನು ಕಾಗದ ಹೇಳುವುದಿಲ್ಲ, ಹಾಡುವವನ ಗಂಟಲು ಹೇಳುತ್ತದೆ. ಅಲ್ಲಿಂದ ರಿ ಎಷ್ಟು ದೂರ, ಗ ಎಷ್ಟು ದೂರ ಎಂಬುದನ್ನು ವಿದ್ಯಾರ್ಥಿಯ ಕಿವಿಯೇ ಅಳೆಯಬೇಕು. ಪುಸ್ತಕ ನೆನಪಿನ ಭಾರವನ್ನು ಹೊತ್ತುಕೊಂಡಿತು. ಕಿವಿಯ ಕೆಲಸವನ್ನು ವಿದ್ಯಾರ್ಥಿಗೇ ಬಿಟ್ಟಿತು.

ಇದೇ ಕಾಲಕ್ಕೆ ಹಾರ್ಮೋನಿಯಂ ದೇಶದಾದ್ಯಂತ ಹರಡುತ್ತಿತ್ತು. 1840ರ ಆಸುಪಾಸಿನಲ್ಲಿ ಪ್ಯಾರಿಸಿನ ಅಲೆಕ್ಸಾಂಡರ್ ದೆಬೇನ್ ಎಂಬಾತನ ಕೈಯಲ್ಲಿ ರೂಪುಗೊಂಡ ಈ ವಾದ್ಯ ಮೊದಲು ಕಾಲಿನಿಂದ ತುಳಿದು ನುಡಿಸುವ ಪೀಠೋಪಕರಣದಂತಿತ್ತು. 1875ರ ಸುಮಾರಿಗೆ ಕಲ್ಕತ್ತೆಯ ದ್ವಾರಕಾನಾಥ ಘೋಷರು ತಿದಿಯನ್ನು ಹಿಂದಕ್ಕಿಟ್ಟು, ಒಂದು ಕೈಯಿಂದ ಗಾಳಿ ಹಾಕುತ್ತ ಇನ್ನೊಂದು ಕೈಯಿಂದ ನುಡಿಸುವಂತೆ, ನೆಲದ ಮೇಲೆ ಕೂಡುವ ನಮ್ಮವರಿಗೆ ಹೊಂದುವಂತೆ ಅದನ್ನು ಮಾರ್ಪಡಿಸಿದರು. ನಮ್ಮ ಉತ್ತರ ಕರ್ನಾಟಕದಲ್ಲಿ ಪೇಟಿ ಎಂದು ಕರೆಯುವುದು ಇದನ್ನೇ. ಕಂಪನಿ ನಾಟಕಗಳ ರಂಗಗೀತೆಗಳು ಇದರ ಆಸರೆಯಲ್ಲಿಯೇ ಊರೂರು ಸುತ್ತಿದುವು. ಗುಜರಾತಿನ ಪಾಲಿತಾಣವನ್ನು ನಾವು ಜೈನರ ಯಾತ್ರಾಸ್ಥಳವೆಂದು ಬಲ್ಲೆವು. ಪೇಟಿ ಮಾಡುವವರು ಅದನ್ನು ಒಳ್ಳೆಯ ರೀಡುಗಳ ಊರೆಂದು ಬಲ್ಲರು.

ಕಲಿಯುವವನಿಗೆ ಹಾರ್ಮೋನಿಯಂ ಒಂದು ವರದಾನ. ಪಿಟೀಲಿನಲ್ಲಿ ಸರಿಯಾದ ಸ್ವರ ಹುಟ್ಟಿಸಲು ತಿಂಗಳುಗಟ್ಟಲೆ ಹೆಣಗಬೇಕು. ಇಲ್ಲಿ ಮನೆಯನ್ನು ಒತ್ತಿದೊಡನೆ ಸ್ವರ ಸಿದ್ಧ. ಮೌಲಾ ಬಕ್ಷ್ ಅವರ ಮಗಳ ಮಗ ಇನಾಯತ್ ಖಾನ್, 1882ರಲ್ಲಿ ಬರೋಡಾದಲ್ಲಿಯೇ ಹುಟ್ಟಿದವರು, ಅಜ್ಜನ ಶಾಲೆಯಲ್ಲಿ ಬೆಳೆದು ಅಲ್ಲಿಯೇ ಪಾಠ ಹೇಳಿದವರು. 1903ರಲ್ಲಿ ಅವರು 'ಇನಾಯತ್ ಹಾರ್ಮೋನಿಯಂ ಶಿಕ್ಷಕ' ಎಂಬ ಪುಸ್ತಕವನ್ನು ಹೊರತಂದರು. ಹೆಸರನ್ನು ಗಮನಿಸಿ: ಪುಸ್ತಕಕ್ಕೇ ಶಿಕ್ಷಕನೆಂಬ ಹೆಸರು. ಗುರು ಎದುರಿಗಿಲ್ಲದ ಮನೆಯಲ್ಲಿಯೂ ಒಬ್ಬಾತ ಪೇಟಿಯ ಮುಂದೆ ಕುಳಿತು ಮೊದಲ ಹೆಜ್ಜೆ ಇಡಬಹುದೆಂಬ ವಿಚಾರ ಆ ಹೆಸರಿನಲ್ಲಿದೆ. ಇಂದಿನ ಮೊಬೈಲು ಪಾಠದ ಹಿಂದಿರುವುದೂ ಇದೇ ವಿಚಾರ. ಇನಾಯತ್ ಖಾನರು 1910ರಲ್ಲಿ ಅಮೆರಿಕಕ್ಕೆ ತೆರಳಿ, ಮುಂದೆ ಸೂಫೀ ಸಂತರಾಗಿ ಜಗತ್ತಿಗೆ ಪರಿಚಿತರಾದದ್ದು ಬೇರೆಯೇ ಕಥೆ.

ಸಿದ್ಧ ಸ್ವರದ ಬೆಲೆ ಏನೆಂಬುದು ಬೇಗನೆ ತಿಳಿದುಬಂತು. ಹಾರ್ಮೋನಿಯಂ, ಪಿಯಾನೋ, ಇಂದಿನ ಕೀಬೋರ್ಡು, ಎಲ್ಲವೂ ಒಂದು ಸ್ಥಾಯಿಯನ್ನು ಹನ್ನೆರಡು ಸಮಭಾಗ ಮಾಡುತ್ತವೆ. ಉದಾಹರಣೆಗೆ ಷಡ್ಜವನ್ನು ಸೆಕೆಂಡಿಗೆ 240 ಕಂಪನಗಳೆಂದು ಇಟ್ಟುಕೊಂಡರೆ, ತಂಬೂರಿಯ ಜತೆ ಹಿತವಾಗಿ ಬೆರೆಯುವ ಅಂತರ ಗಾಂಧಾರ 300ರಲ್ಲಿರುತ್ತದೆ. ಕೀಬೋರ್ಡಿನ ಗಾಂಧಾರ 302ನ್ನು ದಾಟುತ್ತದೆ. ಅಲ್ಪವೆನಿಸಬಹುದು, ಆದರೆ ಪಳಗಿದ ಕಿವಿಗೆ ಕಲ್ಲು ಕಚ್ಚಿದಂತೆ. ಮೇಲಾಗಿ ಒಂದು ಮನೆಯಿಂದ ಇನ್ನೊಂದು ಮನೆಗೆ ಜಾರುವ ದಾರಿಯಿಲ್ಲದ್ದರಿಂದ ತೋಡಿಯ ಗಾಂಧಾರದಂಥ ಗಮಕಗಳು ಅಲ್ಲಿ ಹುಟ್ಟುವುದೇ ಇಲ್ಲ.

ಈ ಕೊರತೆಯನ್ನು ನೀಗಿಸಲು ಸಾಂಗ್ಲಿಯ ಕೆ. ಬಿ. ದೇವಲ್ ಮತ್ತು ನ್ಯಾಯಾಧೀಶರಾಗಿದ್ದ ಇ. ಕ್ಲೆಮೆಂಟ್ಸ್ ಎಂಬಿಬ್ಬರು ಇಪ್ಪತ್ತೆರಡು ಶ್ರುತಿಗಳ ಹಾರ್ಮೋನಿಯಮ್ಮನ್ನೇ ಮಾಡಿಸಿದರು. 1916ರಲ್ಲಿ ಸಯಾಜಿರಾವ್ ಅವರ ಆಶ್ರಯದಲ್ಲಿ ಬರೋಡಾದಲ್ಲಿ ಸೇರಿದ ಮೊದಲ ಅಖಿಲ ಭಾರತ ಸಂಗೀತ ಪರಿಷತ್ತಿನಲ್ಲಿ ಅದರ ಪರೀಕ್ಷೆಯೂ ಚರ್ಚೆಯೂ ನಡೆದುವು. ಪರಿಷತ್ತಿನ ಮುಂದಾಳು ಪಂಡಿತ ಭಾತಖಂಡೆಯವರು ಅದನ್ನು ಒಪ್ಪಲಿಲ್ಲ. ವಾದ್ಯ ಬಳಕೆಗೆ ಬರಲಿಲ್ಲ. ದೇವಲರ ಶ್ರುತಿಸಂಶೋಧನೆಗೆ ನೆರವಾದವರಲ್ಲಿ ಉಸ್ತಾದ್ ಅಬ್ದುಲ್ ಕರೀಂ ಖಾನರೂ ಒಬ್ಬರು. ಅವರು ತಾರುಣ್ಯದಲ್ಲಿ ಬರೋಡಾ ದರ್ಬಾರಿನ ಗಾಯಕರಾಗಿದ್ದವರು. ಅವರ ಶಿಷ್ಯರೇ ನಮ್ಮ ಕುಂದಗೋಳದ ಸವಾಯಿ ಗಂಧರ್ವರು. ಆ ಗುರುವಿನಿಂದ ಗಂಗೂಬಾಯಿ ಹಾನಗಲ್ಲರೂ ಭೀಮಸೇನ ಜೋಶಿಯವರೂ ಕಲಿತರು. ಬರೋಡಾಕ್ಕೂ ಧಾರವಾಡಕ್ಕೂ ಇರುವ ನಂಟು ಹೀಗೆ ಇನ್ನೊಂದು ದಾರಿಯಿಂದಲೂ ಬೆಸೆದುಕೊಂಡಿದೆ.

ವಿರೋಧ ಅಲ್ಲಿಗೆ ಮುಗಿಯಲಿಲ್ಲ. 1940ರ ಮಾರ್ಚಿನಿಂದ ಆಕಾಶವಾಣಿ ಹಾರ್ಮೋನಿಯಮ್ಮನ್ನು ತನ್ನ ಕೇಂದ್ರಗಳಿಂದ ಹೊರಗಿಟ್ಟಿತು. 1971ರಲ್ಲಿ ಆ ಕಟ್ಟು ಸಡಿಲವಾಯಿತು. ಈ ಮೂವತ್ತೊಂದು ವರ್ಷಗಳಲ್ಲಿ ಭಜನೆಯ ಮನೆಗಳಿಂದಾಗಲಿ, ನಾಟಕದ ರಂಗದಿಂದಾಗಲಿ ಪೇಟಿ ಕದಲಲಿಲ್ಲ. ಆರಂಭದ ವಿದ್ಯಾರ್ಥಿಗೆ ಅದು ಕೊಡುವ ಆಸರೆಯನ್ನು ಯಾವ ನಿಷೇಧವೂ ಕಿತ್ತುಕೊಳ್ಳಲಾರದು. ಕೀಲಿಮನೆಯ ವಾದ್ಯದಿಂದ ಹೊರಟವರು ನಮ್ಮ ಸಂಗೀತಕ್ಕೆ ದೂರವಾಗಲೇಬೇಕೆಂದೂ ಇಲ್ಲ. ಮೈಸೂರಿನ ಜಯಚಾಮರಾಜ ಒಡೆಯರು ಪಿಯಾನೋವನ್ನು ಗಾಢವಾಗಿ ಅಭ್ಯಾಸಮಾಡಿ ಲಂಡನ್ನಿನ ಸಂಗೀತ ಸಂಸ್ಥೆಗಳ ಮನ್ನಣೆ ಪಡೆದವರು. ಅವರೇ ಮುಂದೆ ಶ್ರೀವಿದ್ಯಾ ಎಂಬ ಅಂಕಿತದಲ್ಲಿ 94 ಕೃತಿಗಳನ್ನು ರಚಿಸಿದರು.

ಇನ್ನು ಬರೋಡಾವನ್ನು ಬಿಟ್ಟು ನಮ್ಮ ಅಹಮದಾಬಾದಿಗೇ ಬರೋಣ. ಪಾಲಡಿಯಲ್ಲಿ, ಸಾಬರಮತಿಯ ದಂಡೆಯ ಮೇಲಿರುವ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯ ಮುಂದೆ ನಾವೆಲ್ಲ ಎಷ್ಟೋ ಸಲ ಹಾದುಹೋಗಿದ್ದೇವೆ. ಭಾರತದ ಮೊದಲ ಇಲೆಕ್ಟ್ರಾನಿಕ್ ಸಂಗೀತ ಸ್ಟುಡಿಯೋ 1969ರಲ್ಲಿ ಆರಂಭವಾದದ್ದು ಆ ಗೋಡೆಗಳ ಒಳಗೆ ಎಂಬುದು ನಮ್ಮಲ್ಲಿ ಬಹಳ ಮಂದಿಗೆ ತಿಳಿಯದು. ಇದರ ಹಿಂದೆ ಇದ್ದವರು ಸಾರಾಭಾಯಿ ಮನೆತನದ ಗೀತಾ ಸಾರಾಭಾಯಿ. ಅವರು 1946ರಲ್ಲಿ ನ್ಯೂಯಾರ್ಕಿಗೆ ಹೋದಾಗ ಅಮೆರಿಕದ ಸಂಗೀತಗಾರ ಜಾನ್ ಕೇಜ್ ಅವರಿಗೆ ಭಾರತೀಯ ಸಂಗೀತವನ್ನು ಪರಿಚಯಿಸಿ, ಅವರಿಂದ ಪಾಶ್ಚಾತ್ಯ ಸಂಗೀತವನ್ನು ತಿಳಿದುಕೊಂಡಿದ್ದರು. ಆ ಸ್ನೇಹದ ಫಲವಾಗಿ ಕೇಜ್ ಅವರ ಸಹೋದ್ಯೋಗಿ ಡೇವಿಡ್ ಟ್ಯೂಡರ್ ಅಹಮದಾಬಾದಿಗೆ ಬಂದು ಮೂಗ್ ಸಿಂಥೆಸೈಜರ್ ಎಂಬ ಯಂತ್ರವನ್ನು ಇಲ್ಲಿ ಸ್ಥಾಪಿಸಿದರು.

ಮೂಗ್ ಯಂತ್ರಕ್ಕೂ ಕೀಬೋರ್ಡು ಇತ್ತು. ಆದರೆ ಮನೆಯನ್ನು ಒತ್ತಿದರೆ ಸಿದ್ಧವಾದ ನಾದ ಬರುತ್ತಿರಲಿಲ್ಲ. ದೂರವಾಣಿ ವಿನಿಮಯ ಕೇಂದ್ರದಲ್ಲಿ ಇದ್ದಂಥ ತಂತಿಗಳನ್ನು ಒಂದು ತೂತಿನಿಂದ ಇನ್ನೊಂದಕ್ಕೆ ಚುಚ್ಚಿ, ಗುಂಡಿಗಳನ್ನು ತಿರುಗಿಸಿ, ನಾದವನ್ನು ನುಡಿಸುವವನೇ ಕಟ್ಟಬೇಕು. ಒಂದು ಸಲಕ್ಕೆ ಒಂದೇ ಸ್ವರ. ವಿದ್ಯುತ್ತು, ಸೆಕೆ ಇವುಗಳ ಏರುಪೇರಿಗೆ ಶ್ರುತಿ ಸರಿದುಹೋಗುತ್ತಿತ್ತು. ಮತ್ತೆ ಕಿವಿಗೊಟ್ಟು ಸರಿಪಡಿಸಬೇಕು. ಗೀತಾ ಸಾರಾಭಾಯಿ, ಅತುಲ್ ದೇಸಾಯಿ, ಆಗ ಇನ್ನೂ ವಿದ್ಯಾರ್ಥಿಯಾಗಿದ್ದ ಜಿನರಾಜ ಜೋಶಿಪುರಾ ಮುಂತಾದವರು ಅದರಲ್ಲಿ ಪ್ರಯೋಗಗಳನ್ನು ಮಾಡಿ ಟೇಪುಗಳಿಗೆ ತುಂಬಿದರು. ಕೆಲವೇ ವರ್ಷಗಳಲ್ಲಿ ಕೆಲಸ ನಿಂತಿತು; ಟೇಪುಗಳು ಸಂಸ್ಥೆಯ ಸಂಗ್ರಹದಲ್ಲಿ ಮಲಗಿದುವು. ಪಾಲ್ ಪುರ್ಗಾಸ್ ಎಂಬ ಕಲಾವಿದರು ಅವನ್ನು ಹುಡುಕಿ ತೆಗೆದ ಮೇಲೆ, 2023ರಲ್ಲಿ ಅವುಗಳ ಸಂಕಲನ ಪ್ರಕಟವಾಯಿತು. ಯಂತ್ರವೇ ಆದರೂ ಇದು ನುಡಿಸುವವನ ಕಿವಿಗೆ ಕ್ಷಣವೂ ಬಿಡುವು ಕೊಡದ ಯಂತ್ರ.

ಮುಂದಿನ ಹತ್ತು ವರ್ಷಗಳಲ್ಲಿ ಗಾಳಿ ಬೇರೆ ದಿಕ್ಕಿಗೆ ಬೀಸಿತು. ನಾದವನ್ನು ಅಂಕಿಗಳನ್ನಾಗಿ ಹಿಡಿದಿಡುವ ಡಿಜಿಟಲ್ ವಿದ್ಯೆ ಅಗ್ಗವಾಯಿತು. 1980ರಲ್ಲಿ ಜಪಾನಿನ ಕ್ಯಾಸಿಯೋ ತನ್ನ ಮೊದಲ ಕೀಬೋರ್ಡನ್ನು ಮಾರುಕಟ್ಟೆಗೆ ತಂದಿತು. 1981ರಲ್ಲಿ ಅದೇ ಕಂಪನಿ ಗೆರೆಗಳ ಸಂಕೇತವನ್ನು ಓದಿ ಹಾಡನ್ನು ನೆನಪಿಟ್ಟುಕೊಂಡು, ಒತ್ತಬೇಕಾದ ಮನೆಯ ಮೇಲೆ ಪುಟ್ಟ ದೀಪ ಹೊತ್ತಿಸುವ ಮಾದರಿಯನ್ನು ಮಾಡಿತು. ಮರುವರ್ಷ ಯಮಾಹಾ ಕಂಪನಿಯೂ ಅಂಥದನ್ನೇ ತಂದಿತು. ಇಂದು ಮೊಬೈಲಿನಲ್ಲಿ ಇಳಿಯುವ ಪಟ್ಟಿಗಳ ಮುತ್ತಜ್ಜಿ ಈ ದೀಪ. 1983ರಲ್ಲಿ ಬೇರೆ ಬೇರೆ ಕಂಪನಿಗಳ ವಾದ್ಯಗಳೂ ಕಂಪ್ಯೂಟರುಗಳೂ ಪರಸ್ಪರ ಮಾತನಾಡಲು ಮಿಡಿ ಎಂಬ ಒಂದು ಸಾಮಾನ್ಯ ಭಾಷೆ ಬಂತು. ಅದರಲ್ಲಿ ಪ್ರತಿ ಮನೆಗೂ 0ಯಿಂದ 127ರವರೆಗೆ ಒಂದು ಸಂಖ್ಯೆ. ನಡುವಿನ ಮೊದಲ ಬಿಳಿ ಮನೆ 60. ಮಗು ಅದನ್ನು ಒತ್ತಿದರೆ 60ನ್ನು ಒತ್ತಿದೆ, ಇಷ್ಟು ವೇಗವಾಗಿ ಒತ್ತಿದೆ, ಈಗ ಬಿಟ್ಟಿದೆ ಎಂಬ ಸುದ್ದಿ ತಂತಿಯಲ್ಲಿ ಹೋಗುತ್ತದೆ. ಕಲಿಸುವ ಆ್ಯಪ್ ಆ ಸುದ್ದಿಯನ್ನು ತನ್ನಲ್ಲಿರುವ ಪಾಠದ ಜತೆ ಹೋಲಿಸಿ ಸರಿ ಅಥವಾ ತಪ್ಪು ಎನ್ನುತ್ತದೆ. ತಂತಿ ಇಲ್ಲದಿದ್ದರೆ ಮೊಬೈಲಿನ ಮೈಕಿನಿಂದ ನಾದವನ್ನು ಕೇಳಿ ಕಂಪನಗಳನ್ನು ಎಣಿಸಿ ಅದೇ ತೀರ್ಪು ಕೊಡುತ್ತದೆ.

ಇದರ ಉಪಯೋಗವನ್ನು ಅಲ್ಲಗಳೆಯುವುದು ಅನ್ಯಾಯವಾದೀತು. ಮೊಬೈಲು ಗದರುವುದಿಲ್ಲ, ಒಂದೇ ಸಾಲನ್ನು ನೂರು ಸಲ ಬೇಸರವಿಲ್ಲದೆ ಹೇಳಿಕೊಡುತ್ತದೆ, ರಾತ್ರಿ ಒಂಬತ್ತಕ್ಕೂ ಸಿಗುತ್ತದೆ, ತಾಳ ತಪ್ಪಿದರೆ ಒಡನೆಯೇ ತಿಳಿಸುತ್ತದೆ. ಸೂರತ್ತಿನ ಯಾವುದೋ ಬಡಾವಣೆಯಲ್ಲಿ ಕರ್ನಾಟಕ ಸಂಗೀತದ ಗುರುವನ್ನು ಹುಡುಕಿ ಸೋತ ತಾಯಿಗೆ ಇದು ಕಡಿಮೆ ಸಹಾಯವಲ್ಲ. ಆದರೆ ಅದಕ್ಕೆ ತಿಳಿದಿರುವುದು ಮನೆಯ ಸಂಖ್ಯೆ ಮಾತ್ರ. ಮಗುವಿಗೆ ಅದು ಗಾಂಧಾರವೆಂದು ಗೊತ್ತಾಗಿದೆಯೋ ಇಲ್ಲವೋ, ಒತ್ತುವ ಮೊದಲು ಅದು ಮನಸ್ಸಿನಲ್ಲಿ ಕೇಳಿಸಿದೆಯೋ ಇಲ್ಲವೋ ಎಂಬುದನ್ನು ಅದು ಕೇಳುವುದಿಲ್ಲ. ಬರೋಡಾದ ಪುಸ್ತಕ ವಿದ್ಯಾರ್ಥಿಗೆ ಬಿಟ್ಟ ಕಿವಿಯ ಕೆಲಸವನ್ನು ಈ ಬಣ್ಣದ ಪಟ್ಟಿ ಸದ್ದಿಲ್ಲದೆ ಕಣ್ಣಿಗೆ ವರ್ಗಾಯಿಸಿಬಿಟ್ಟಿದೆ. ಅಜ್ಜಿಯ ಶ್ರುತಿಗೆ ಇಳಿಯಲು ಮಗುವಿಗೆ ಬಾರದೆ ಹೋದದ್ದು ಇದರಿಂದಲೇ.

ಶ್ರುತಿ ಬದಲಿಸುವ ಗುಂಡಿ ಕೀಬೋರ್ಡಿನಲ್ಲಿದೆಯಲ್ಲ ಎಂದು ಕೆಲವರು ಹೇಳಬಹುದು. ಇದೆ, ಸ್ಕೇಲ್ ಚೇಂಜರ್ ಪೇಟಿಯಲ್ಲಿಯೂ ಆ ಏರ್ಪಾಡಿದೆ. ಕಛೇರಿಯಲ್ಲಿ ಅದು ಅನುಕೂಲವೇ. ಕಲಿಯುವ ಮಗುವಿಗೆ ಮಾತ್ರ ಅದು ಕೊನೆಯಲ್ಲಿ ಸಿಗಬೇಕು, ಮೊದಲಲ್ಲಿ ಅಲ್ಲ. ಇನ್ನೊಂದು ಸೂಕ್ಷ್ಮವೂ ಇದೆ. ಹೊರದೇಶದ ಆ್ಯಪ್‌ಗಳ ಪಾಠ ಬಿಳಿ ಮನೆಗಳಿಂದ ಶುರುವಾಗುತ್ತದೆ. ಅದು ನಮ್ಮ ಶಂಕರಾಭರಣ, ಹಿಂದೂಸ್ಥಾನಿಯ ಬಿಲಾವಲ್. ನಮ್ಮ ಸರಳೆ ವರಸೆ ಮಾಯಾಮಾಳವಗೌಳದಲ್ಲಿದೆ. ಒಂದನೇ ಮನೆಯನ್ನು ಷಡ್ಜವಾಗಿ ಹಿಡಿದರೆ ಇಲ್ಲಿ ರಿ ಮತ್ತು ದ ಎರಡೂ ಕಪ್ಪು ಮನೆ, ಉಳಿದುವೆಲ್ಲ ಬಿಳಿ. ಷಡ್ಜವನ್ನು ಐದನೇ ಮನೆಗೆ ಒಯ್ದರೆ ರಿ, ದ, ನಿ ಮೂರೂ ಕಪ್ಪಾಗುತ್ತವೆ. ರಾಗ ಅದೇ, ಮನೆಗಳು ಬೇರೆ. ಈ ಒಂದು ಪಾಠವನ್ನು ಮಗು ಎರಡು ಷಡ್ಜಗಳಿಂದ ನುಡಿಸಿ ಹಾಡಿದರೆ, ಸ್ವರವೆಂದರೆ ಮನೆಯಲ್ಲ, ಅಂತರ ಎಂಬುದು ತಾನಾಗಿಯೇ ತಿಳಿಯುತ್ತದೆ.

ಡಿಜಿಟಲ್ ಸಾಧನವೆಲ್ಲ ಕಿವಿಯನ್ನು ಮಲಗಿಸುತ್ತದೆಂದು ನಾವು ಹೇಳುತ್ತಿಲ್ಲ. ನಮ್ಮ ಬೆಂಗಳೂರಿನದೇ ನಿದರ್ಶನವಿದೆ. ಎಚ್.ಎ.ಎಲ್.ನಲ್ಲಿ ಇಂಜಿನಿಯರಾಗಿದ್ದ, ಸ್ವತಃ ಕೊಳಲು ವಾದಕರಾದ ಜಿ. ರಾಜನಾರಾಯಣ ಅವರು 1970ರ ದಶಕದ ಕೊನೆಯ ಹೊತ್ತಿಗೆ ಇಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆ, ತಂಬೂರಿಗಳನ್ನು ರೂಪಿಸತೊಡಗಿದರು. ಅವರ ರ‍್ಯಾಡೆಲ್ ಸಂಸ್ಥೆಯ ಪೆಟ್ಟಿಗೆಗಳು ನಮ್ಮ ಸಂಗೀತ ಇರುವ ಕಡೆಗಳಿಗೆಲ್ಲ ಹೋದುವು. ಆ ಪೆಟ್ಟಿಗೆ ಯಾವ ಮನೆಯನ್ನೂ ತೋರಿಸುವುದಿಲ್ಲ. ಷಡ್ಜ ಪಂಚಮಗಳನ್ನು ಹಿಡಿದು ನಿಲ್ಲುತ್ತದೆ. ಉಳಿದದ್ದನ್ನು ಕಲಿಯುವವನು ಹುಡುಕಿಕೊಳ್ಳಬೇಕು. ಇಂದು ಅದೇ ತಂಬೂರಿ ಮೊಬೈಲಿನಲ್ಲಿಯೂ ಖರ್ಚಿಲ್ಲದೆ ಸಿಗುತ್ತದೆ. ಪಟ್ಟಿ ಇಳಿಸುವ ಮೊಬೈಲೂ ತಂಬೂರಿ ಮಿಡಿಯುವ ಮೊಬೈಲೂ ಒಂದೇ. ಯಾವುದನ್ನು ಯಾವಾಗ ಹಚ್ಚಬೇಕೆಂದು ತೀರ್ಮಾನಿಸುವವರು ಮನೆಯ ಹಿರಿಯರು.

ಆದುದರಿಂದ ನಮ್ಮ ಸೂಚನೆ ಇಷ್ಟೇ. ಮಗು ನುಡಿಸುವ ಮೊದಲು ಹಾಡಲಿ. ಸ್ವರಗಳನ್ನು ಕನ್ನಡ ಅಕ್ಷರಗಳಲ್ಲಿ ತಾನೇ ಬರೆದುಕೊಳ್ಳಲಿ. ಪಟ್ಟಿಗಳನ್ನು ನೋಡಿ ಕಲಿತ ಹಾಡನ್ನು ಮರುದಿನ ಪರದೆ ಮುಚ್ಚಿ, ತಂಬೂರಿ ಹಚ್ಚಿ ನುಡಿಸಲಿ. ವಾರಕ್ಕೊಮ್ಮೆ ಮನೆಯ ಯಾರಾದರೊಬ್ಬರ ದನಿಗೆ, ಅವರ ಶ್ರುತಿಯಲ್ಲಿ ಜತೆ ಕೊಡಲಿ. ದೇವರನಾಮಗಳು ನಮ್ಮಲ್ಲಿ ಉಳಿದು ಬಂದಿರುವುದು ಅಜ್ಜಿಯರ ಗಂಟಲಿನಲ್ಲಿ. ಅವರು ಊರಿನಿಂದ ಬರುವುದು ವರ್ಷಕ್ಕೆ ಒಂದೆರಡು ತಿಂಗಳು. ಆ ದಿನಗಳು ಹೋದರೆ ಮತ್ತೆ ಬರುವುವೆಂದು ಹೇಳುವಂತಿಲ್ಲ.

ಆ ಧಾರವಾಡದ ಮನೆಗೆ ಕಳೆದ ತಿಂಗಳು ಮತ್ತೆ ಹೋಗಿದ್ದೆವು. ಅಜ್ಜಿ ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಹಾಡಿನ ಸ್ವರಗಳನ್ನು ದಪ್ಪಕ್ಷರದಲ್ಲಿ ಬರೆದಿಟ್ಟಿದ್ದರು. ಷಡ್ಜ ಕೆಳಗಿನ ಸ್ಥಾಯಿಯ ಐದನೇ ಮನೆಗೆ ಇಳಿದಿತ್ತು. ಬಿಳಿ ಮನೆಗಳಲ್ಲಿಯೇ ನಡೆಯುತ್ತಿದ್ದ ಹಾಡು ನಿಷಾದಕ್ಕೆ ಬಂದಾಗ ಅಪಸ್ವರವಾಯಿತು. ಮಗು ನಿಂತಿತು, ಇನ್ನೊಮ್ಮೆ ಒತ್ತಿ ಮುಖ ಕಿವಿಚಿತು, ಪಕ್ಕದ ಕಪ್ಪು ಮನೆಗೆ ಬೆರಳಿಟ್ಟು ಅಜ್ಜಿಯ ಕಡೆ ನೋಡಿತು. ಅಜ್ಜಿ ಹಾಡನ್ನು ನಿಲ್ಲಿಸಲಿಲ್ಲ.